ಕಲ್ಲಿದ್ದಲು ಗಣಿ ಪಕ್ಕದ ಬಾವಿ ನೀರು ಕೆಟ್ಟರೆ: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ನಿನ್ನೆವರೆಗೆ ಚೆನ್ನಾಗಿದ್ದ ನೀರು ಇವತ್ತು ಕೆಂಪಗೆ ಬಂದರೆ, ಗಣಿ ಪಕ್ಕದಲ್ಲಿರುವವರ ಬಾಯಲ್ಲಿ ಮೊದಲು ಬರುವ ಮಾತು "ಇದು ಗಣಿಯಿಂದಲೇ ಆಗಿದ್ದು" ಅಂತ. ಇರಬಹುದು. ಆದರೆ ತುಕ್ಕು ಹಿಡಿದ ಹಳೇ ಪೈಪಿನಿಂದಲೂ ನೀರು ಹೀಗೇ ಕೆಂಪಾಗುತ್ತದೆ. ಕಾರಣ ತಪ್ಪಾಗಿ ಹಿಡಿದರೆ ದುಡ್ಡು ಬೇಡದ ಫಿಲ್ಟರ್‌ಗೆ ಹೋಗುತ್ತದೆ, ನಿಜವಾದ ತೊಂದರೆ ನೀರಲ್ಲೇ ಉಳಿಯುತ್ತದೆ. ಆಮೇಲೆ ಗಣಿಯವರ ಮುಂದೆ ನಿಂತು ಮಾತಾಡುವಾಗಲೂ ಕೈಯಲ್ಲಿ ಆಧಾರ ಇರುವುದಿಲ್ಲ.

ಅದಕ್ಕೇ ಇಲ್ಲಿ ಕಣ್ಣಿಗೆ, ಮೂಗಿಗೆ ಗೊತ್ತಾಗುವ ಲಕ್ಷಣದಿಂದಲೇ ಶುರು ಮಾಡಿದ್ದೇನೆ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಲ್ಯಾಬ್ ಆಮೇಲೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಬಿಳಿ ಬಕೆಟ್, ಮುಚ್ಚಳ ಇರುವ ಒಂದೆರಡು ಗಾಜಿನ ಬಾಟಲಿ, ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ) ನೋಡುವ ಕಾಗದದ ಪಟ್ಟಿ, ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ತೋರಿಸುವ, ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್, ಉದ್ದದ ಅಳತೆ ಟೇಪ್. ಇವೆಲ್ಲಕ್ಕಿಂತ ಮುಖ್ಯ ಒಂದು ನೋಟ್‌ಬುಕ್. ನಿಮ್ಮ ಬಾವಿಯನ್ನು ಹೋಲಿಸಬೇಕಾಗಿರುವುದು ಅದೇ ಬಾವಿಯ ಹಳೇ ಲೆಕ್ಕದ ಜೊತೆ. ಹಳೇ ಲೆಕ್ಕ ಇಲ್ಲದಿದ್ದರೆ ಇವತ್ತೇ ಬರೆಯಲು ಶುರು ಮಾಡಿ.

ಮೊದಲು ಜೀವದ ಮಾತು

ಯಾವ ಕಾರಣಕ್ಕೂ ಬಾವಿಗೆ ಇಳಿಯಬೇಡಿ. ಕಲ್ಲಿದ್ದಲು ಇರುವ ನೆಲದಲ್ಲಿ ಬಾವಿಯೊಳಗೆ ಬೆಂಕಿ ಹತ್ತುವ ಮೀಥೇನ್ ಅನಿಲ ತುಂಬಿರಬಹುದು, ಇಂಗಾಲದ ಡೈಆಕ್ಸೈಡ್ ತುಂಬಿರಬಹುದು, ಆಮ್ಲಜನಕವೇ ಕಡಿಮೆ ಇರಬಹುದು. ಇವಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ದೀಪ ಇಳಿಸಿ ನೋಡುವ ಹಳೇ ಪದ್ಧತಿಯೂ ಇಲ್ಲಿ ಬೇಡ. ಮೀಥೇನ್ ಇದ್ದರೆ ಆ ದೀಪವೇ ಬೆಂಕಿ ಹಚ್ಚುತ್ತದೆ. ಒಬ್ಬರು ಒಳಗೆ ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರೂ ಮೇಲೆ ಬರುವುದಿಲ್ಲ. ಹಾಗಾದಾಗ ಅಗ್ನಿಶಾಮಕ ದಳವನ್ನೇ ಕರೆಯಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಕುದಿಸುವುದರ ಬಗ್ಗೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅಷ್ಟೇ. ಸಲ್ಫೇಟ್, ಆರ್ಸೆನಿಕ್, ನೈಟ್ರೇಟ್ ಯಾವುದೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ಇನ್ನೂ ಗಟ್ಟಿಯಾಗುತ್ತವೆ.

ನೀರು ಕೆಂಪು, ಕಿತ್ತಳೆ ಅಥವಾ ಕಂದು ಬಣ್ಣಕ್ಕೆ ತಿರುಗಿದೆ

ಮೊದಲ ಪ್ರಶ್ನೆ, ಯಾವ ನಲ್ಲಿಯಲ್ಲಿ? ಒಂದೇ ನಲ್ಲಿಯಲ್ಲಿ ಕೆಂಪು ಬಂದು, ಐದು ನಿಮಿಷ ಬಿಟ್ಟ ಮೇಲೆ ತಿಳಿಯಾದರೆ ಅದು ಪೈಪಿನ ತುಕ್ಕು. ಗಣಿಗೂ ಅದಕ್ಕೂ ಸಂಬಂಧ ಇಲ್ಲ. ಎಲ್ಲ ನಲ್ಲಿಯಲ್ಲೂ ಹೀಗೇ ಬಂದರೆ ಓವರ್‌ಹೆಡ್ ಟ್ಯಾಂಕಿನ ತಳ ನೋಡಿ. ಅಲ್ಲಿ ಗಸಿ ಕೂತಿದ್ದರೆ ತೊಳೆದು, ಎರಡು ದಿನ ಕಾದು ಮತ್ತೆ ನೋಡಿ.

ಆಮೇಲೆ ಬಕೆಟ್ ಪರೀಕ್ಷೆ. ಪಂಪ್ ಹತ್ತು ನಿಮಿಷ ಓಡಲಿ. ಟ್ಯಾಂಕಿಗೆ ಹೋಗುವ ಮೊದಲೇ ನೀರನ್ನು ನೇರವಾಗಿ ಬಿಳಿ ಬಕೆಟ್‌ಗೆ ಹಿಡಿಯಿರಿ. ಹಿಡಿದಾಗಲೇ ಕೆಂಪಗಿದ್ದರೆ ಕಬ್ಬಿಣ ಆಗಲೇ ಗಾಳಿ ತಾಗಿ ತುಕ್ಕಾಗಿದೆ. ಇನ್ನು ಕೆಲವು ಸಲ ನೀರು ಕನ್ನಡಿಯಂತೆ ತಿಳಿಯಾಗಿ ಬರುತ್ತದೆ. ಬಕೆಟ್ ಅಲ್ಲೇ ಇಟ್ಟು ಬೇರೆ ಕೆಲಸಕ್ಕೆ ಹೋಗಿ. ಸ್ವಲ್ಪ ಹೊತ್ತಿಗೆ ಮೇಲ್ಭಾಗ ಮಂಜು ಕವಿದಂತೆ ಮಸುಕಾಗುತ್ತದೆ, ಮತ್ತೆ ಹಳದಿ ಛಾಯೆ ಬರುತ್ತದೆ, ಸಂಜೆ ಹೊತ್ತಿಗೆ ಬಿಳಿ ತಳದ ಮೇಲೆ ಕಿತ್ತಳೆ ಬಣ್ಣದ ಮೆತ್ತನೆ ಪುಡಿ ಕೂತಿರುತ್ತದೆ. ಅದು ನೀರಿನಲ್ಲಿ ಕರಗಿದ್ದ ಕಬ್ಬಿಣ.

ಇದು ಗಣಿಯಿಂದ ಬರುವ ದಾರಿ ಹೀಗಿದೆ. ಕಲ್ಲಿದ್ದಲಿನಲ್ಲೂ ಅದರ ಸುತ್ತಲ ಬಂಡೆಯಲ್ಲೂ ಪೈರೈಟ್ ಎಂಬ ಖನಿಜ ಇರುತ್ತದೆ. ಕಬ್ಬಿಣ, ಗಂಧಕ ಸೇರಿ ಆಗಿರುವ ಖನಿಜ ಅದು. ನೆಲದೊಳಗೆ ಮುಚ್ಚಿಕೊಂಡಿರುವಷ್ಟು ದಿನ ಸುಮ್ಮನಿರುತ್ತದೆ. ಅಗೆದಾಗ ಗಾಳಿ, ನೀರು ಎರಡೂ ತಾಗಿ ಸಲ್ಫ್ಯೂರಿಕ್ ಆಮ್ಲವೂ ಕರಗಿದ ಕಬ್ಬಿಣವೂ ಹುಟ್ಟುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಇನ್ನೂ ಜೋರು ಮಾಡುತ್ತವೆ. ಗಣಿ ಮಣ್ಣಿನ ದಿಬ್ಬದ ಕೆಳಗೆ ಹರಿಯುವ ಹಳ್ಳದ ಕಲ್ಲುಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿರುವುದನ್ನು ನೋಡಿದ್ದೀರಲ್ವಾ? ಅದೇ ಇದು.

ಈಗ ಪಿಎಚ್ ಪಟ್ಟಿ ಅದ್ದಿ. 6.5ಕ್ಕಿಂತ ಕಡಿಮೆ ಬಂದು, ಮೊದಲು ಹಾಗಿರಲಿಲ್ಲ ಅಂದರೆ ಆಮ್ಲ ಬಾವಿವರೆಗೂ ಬಂದಿರಬಹುದು. ಆದರೆ 7 ಬಂತು ಅಂತ ನಿಶ್ಚಿಂತರಾಗಬೇಡಿ. ಬಹಳ ಜನ ಎಡವುವುದು ಇಲ್ಲೇ. ದಾರಿಯಲ್ಲಿ ಸುಣ್ಣದ ಅಂಶ ಇರುವ ಕಲ್ಲು ಸಿಕ್ಕರೆ ಆಮ್ಲ ಸತ್ತುಹೋಗುತ್ತದೆ, ಆ ಆಮ್ಲದಲ್ಲಿದ್ದ ಸಲ್ಫೇಟ್ ಮಾತ್ರ ಹಾಗೇ ಉಳಿಯುತ್ತದೆ. ಎಷ್ಟೋ ಕಲ್ಲಿದ್ದಲು ಪ್ರದೇಶಗಳಲ್ಲಿ ಗಣಿ ನೀರು ಹುಳಿ ಇರುವುದೇ ಇಲ್ಲ. ಗಡುಸಾಗಿ, ಸಲ್ಫೇಟ್ ತುಂಬಿಕೊಂಡು ಬರುತ್ತದೆ.

ಹಾಗಾಗಿ ಕಬ್ಬಿಣ ಒಂದನ್ನೇ ನೋಡಿ ಗಣಿ ಕಡೆ ಬೊಟ್ಟು ಮಾಡಲು ಆಗುವುದಿಲ್ಲ. ಆಮ್ಲಜನಕ ಕಡಿಮೆ ಇರುವ ಆಳದ ನೀರಿನಲ್ಲಿ ಕಬ್ಬಿಣ ತಾನಾಗೇ ಇರುವುದು ಎಲ್ಲ ಕಡೆ ಸಾಮಾನ್ಯ. ಕಬ್ಬಿಣದ ಜೊತೆ ಸಲ್ಫೇಟ್ ಏರಿದ್ದರೆ, ಟಿಡಿಎಸ್ ಕೂಡ ಹಳೇ ಲೆಕ್ಕಕ್ಕಿಂತ ಎದ್ದು ಕಾಣುವಷ್ಟು ಏರಿದ್ದರೆ, ಆಗ ಗಣಿ ಮೇಲಿನ ಅನುಮಾನಕ್ಕೆ ಬಲ ಬರುತ್ತದೆ. ಜಿಪ್ಸಂ ಇರುವ ನೆಲ, ಕೆಲವು ಗೊಬ್ಬರ ಕೂಡ ಸಲ್ಫೇಟ್ ಕೊಡುತ್ತವೆ ಅನ್ನುವುದೂ ನೆನಪಿರಲಿ.

ನೀರಿನ ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ಪೊರೆ ಕಂಡರೆ ಗಾಬರಿ ಬೇಡ. ಕಡ್ಡಿಯಿಂದ ಒಮ್ಮೆ ಎಳೆಯಿರಿ. ಒಡೆದ ಗಾಜಿನ ಚೂರುಗಳಂತೆ ಬಿರಿದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಪೊರೆ. ಫ್ಲಶ್ ಟ್ಯಾಂಕಿನ ಒಳಗೆ ಕಂದು ಲೋಳೆಯಾಗಿ ಕೂರುವುದೂ ಇವೇ. ಕಡ್ಡಿ ಎಳೆದ ಕೂಡಲೇ ಪೊರೆ ಸರಕ್ಕನೆ ಮತ್ತೆ ಕೂಡಿಕೊಂಡರೆ ಅದು ಡೀಸೆಲ್ ಅಥವಾ ಎಣ್ಣೆ. ಆ ನೀರು ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ ಲ್ಯಾಬ್‌ಗೆ ಕಳಿಸಿ.

ಕಲೆ ಕೆಂಪಿಲ್ಲದೆ ಕಪ್ಪಗಿದ್ದರೆ ಮ್ಯಾಂಗನೀಸ್ ಇರಬಹುದು. ಲೀಟರಿಗೆ 0.3 ಮಿಲಿಗ್ರಾಂ ದಾಟಿದ ಕಬ್ಬಿಣ ಬಟ್ಟೆಗೆ ಕಲೆ ಮಾಡುತ್ತದೆ, ರುಚಿ ಕೆಡಿಸುತ್ತದೆ, ಆದರೆ ಆ ಪ್ರಮಾಣದಲ್ಲಿ ಆರೋಗ್ಯಕ್ಕೆ ದೊಡ್ಡ ಅಪಾಯ ಅಲ್ಲ. ಮ್ಯಾಂಗನೀಸ್ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಲೀಟರಿಗೆ 0.08 ಮಿಲಿಗ್ರಾಂ ಮಿತಿ ಹೇಳಿದೆ. ಬಾಟಲಿ ಹಾಲು ಕುಡಿಯುವ ಕೂಸುಗಳನ್ನು ಮನಸ್ಸಲ್ಲಿಟ್ಟುಕೊಂಡು ಹೇಳಿದ ಮಿತಿ ಇದು. ಮನೆಯಲ್ಲಿ ಕೂಸಿದ್ದರೆ ವರದಿ ಬರುವವರೆಗೆ ಅದಕ್ಕೆ ಬೇರೆ ನೀರು ಕೊಡಿ.

ಕಬ್ಬಿಣ ತೆಗೆಯುವುದು ಅಷ್ಟು ಕಷ್ಟವಿಲ್ಲ. ನೀರನ್ನು ಎತ್ತರದಿಂದ ಚಿಮುಕಿಸಿ ಗಾಳಿಯಾಡಿಸಿ, ಗಸಿ ಕೂರಲು ಬಿಟ್ಟು, ಮರಳಿನ ಫಿಲ್ಟರ್‌ನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ಪಿಎಚ್ 7ರ ಮೇಲಿದ್ದರೆ ಮಾತ್ರ ಇದು ಚೆನ್ನಾಗಿ ನಡೆಯುತ್ತದೆ. ಹುಳಿ ನೀರಾದರೆ ಮೊದಲು ಸುಣ್ಣಕಲ್ಲಿನ ಚೂರಿನ ಮೇಲೆ ಹಾಯಿಸಬೇಕು. ಫಿಲ್ಟರ್‌ನಿಂದ ಬಂದ ಕೆಂಪು ಗಸಿಯನ್ನು ತರಕಾರಿ ಮಡಿಗೆ ಸುರಿಯಬೇಡಿ. ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದು ಈ ಗಸಿಗೇ ಅಂಟಿಕೊಂಡಿರುತ್ತದೆ. ಬಟ್ಟೆಯ ಕೆಂಪು ಕಲೆಗೆ ಬ್ಲೀಚಿಂಗ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಜೊತೆ ಆಸಿಡ್ ಅಂತೂ ಬೆರೆಸಲೇಬಾರದು, ವಿಷದ ಕ್ಲೋರಿನ್ ಹೊಗೆ ಏಳುತ್ತದೆ.

ತಾಮ್ರದ ಪೈಪ್, ಹಿತ್ತಾಳೆ ನಲ್ಲಿಯ ಕೆಳಗೆ ನೀಲಿ-ಹಸಿರು ಕಲೆ

ನೀರು ಪೈಪನ್ನು ತಿನ್ನುತ್ತಿದೆ ಎಂದರ್ಥ. ಪಿಎಚ್ ನೋಡಿ. ನೀರಿಗೆ ಹುಳಿ ಇದೆಯಾ ಅಂತ ಬಾಯಿಗೆ ಹಾಕಿಕೊಂಡು ನೋಡಬೇಡಿ. ಕಲೆ ಮಾಡುವ ತಾಮ್ರಕ್ಕಿಂತ ಬೆಸುಗೆಯಿಂದ, ಹಳೇ ಫಿಟ್ಟಿಂಗ್‌ನಿಂದ ಬಿಟ್ಟುಕೊಳ್ಳುವ ಸೀಸದ ಬಗ್ಗೆ ಜಾಸ್ತಿ ಚಿಂತೆ ಮಾಡಬೇಕು. ಅದು ಕಣ್ಣಿಗೆ ಕಾಣುವುದಿಲ್ಲ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಬೆಳಗ್ಗೆ ಮೊದಲು ಒಂದು ಬಾಟಲಿಗೆ, ಐದು ನಿಮಿಷ ಬಿಟ್ಟ ಮೇಲೆ ಇನ್ನೊಂದು ಬಾಟಲಿಗೆ ಹಿಡಿದು ಎರಡನ್ನೂ ಪರೀಕ್ಷೆಗೆ ಕೊಡಿ. ಮೊದಲನೆಯದರಲ್ಲಿ ಮಾತ್ರ ಸೀಸ ಇದ್ದರೆ ಅದು ಮನೆಯ ಪೈಪಿನದು.

ಕೊಳೆತ ಮೊಟ್ಟೆ ವಾಸನೆ

ಬಿಸಿನೀರಿನಲ್ಲಿ ಮಾತ್ರ ವಾಸನೆ ಇದ್ದರೆ ಬಾವಿಯನ್ನು ಬಿಟ್ಟುಬಿಡಿ. ಗೀಸರ್ ಒಳಗಿನ ಮೆಗ್ನೀಸಿಯಂ ಸಲಾಕೆಯಿಂದ ಹೀಗಾಗುತ್ತದೆ, ಪ್ಲಂಬರ್ ಬದಲಾಯಿಸಿ ಕೊಡುತ್ತಾರೆ. ತಣ್ಣೀರಿನಲ್ಲೂ ಇದ್ದು, ಪಂಪ್ ಸ್ವಲ್ಪ ಹೊತ್ತು ಓಡಿದ ಮೇಲೆ ಕಡಿಮೆಯಾದರೆ ಬಾವಿಯ ಕೇಸಿಂಗ್ (ಬೋರ್‌ವೆಲ್ ಕುಸಿಯದಂತೆ ಇಳಿಸಿದ ಕೊಳವೆ) ಒಳಗೆ ಬ್ಯಾಕ್ಟೀರಿಯಾ ಬೆಳೆದಿವೆ. ಕ್ಲೋರಿನ್ ಹಾಕಿ ಬಾವಿ ಶುದ್ಧ ಮಾಡಿಸಿ. ಎಷ್ಟು ಹೊತ್ತು ಓಡಿಸಿದರೂ ಒಂದೇ ಸಮ ವಾಸನೆ ಬರುತ್ತಿದ್ದರೆ ಅದು ನೆಲದಾಳದ ನೀರಿನದೇ ಗುಣ. ಸಲ್ಫೇಟನ್ನು ತಿಂದು ಹೈಡ್ರೋಜನ್ ಸಲ್ಫೈಡ್ ಬಿಡುವ ಬ್ಯಾಕ್ಟೀರಿಯಾ ಅಲ್ಲಿವೆ.

ಪಂಪ್ ರೂಮಿನಲ್ಲಿ ಈ ವಾಸನೆ ಜೋರಾಗಿದ್ದು ಆಮೇಲೆ ಇದ್ದಕ್ಕಿದ್ದಂತೆ ಗೊತ್ತಾಗದೇ ಹೋದರೆ, ಗಾಳಿ ಶುದ್ಧವಾಯಿತು ಅಂದುಕೊಳ್ಳಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕೂಡಲೇ ಹೊರಗೆ ಬನ್ನಿ.

ನೀರು ಹಾಲಿನಂತೆ ಬರುತ್ತಿದೆ, ನಲ್ಲಿ ಬುಸ್ ಎನ್ನುತ್ತದೆ

ಗಾಜಿನ ಬಾಟಲಿಗೆ ನೀರು ಹಿಡಿದು ಬೆಳಕಿಗೆ ಎತ್ತಿ ಹಿಡಿಯಿರಿ. ಬಿಳುಪು ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಹೋದರೆ ಅವು ಮೇಲೇಳುತ್ತಿರುವ ಸಣ್ಣ ಗುಳ್ಳೆಗಳು, ಅಂದರೆ ಗಾಳಿ ಅಥವಾ ಅನಿಲ. ಮೇಲಿನಿಂದ ಕೆಳಕ್ಕೆ ತಿಳಿಯಾದರೆ ಕೆಳಗೆ ಕೂರುತ್ತಿರುವ ಮಣ್ಣು.

ಗುಳ್ಳೆ ಅಂತ ಖಚಿತವಾದರೆ ಮುಂದಿನ ಪ್ರಶ್ನೆ, ಬರೀ ಗಾಳಿಯೋ ಮೀಥೇನೋ? ಪಂಪ್ ತುಂಬ ಹೊತ್ತು ಓಡಿದ ಮೇಲೆ ಮಾತ್ರ ಬುಸ್‌ಗುಟ್ಟಿ, ಬಾವಿಗೆ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ ಅಂದರೆ ನೀರಿನ ಮಟ್ಟ ಪಂಪಿನವರೆಗೆ ಇಳಿಯುತ್ತಿದೆ, ಪಂಪ್ ಗಾಳಿ ಎಳೆಯುತ್ತಿದೆ. ಮೊದಲ ನಿಮಿಷದಿಂದಲೇ ಗುಳ್ಳೆ ಇದ್ದರೆ, ಪಂಪ್ ನಿಂತಾಗಲೂ ಕೇಸಿಂಗ್ ಬಾಯಲ್ಲಿ ಗುಳುಗುಳು ಸದ್ದು ಕೇಳಿಸಿದರೆ, ಅದು ಮೀಥೇನ್ ಎಂದೇ ತಿಳಿದು ನಡೆದುಕೊಳ್ಳಿ. ನೀರು ಕುಡಿದದ್ದರಿಂದ ಮೀಥೇನ್ ವಿಷವಾಗುವುದಿಲ್ಲ. ಅದು ನೀರಿನಿಂದ ಬಿಟ್ಟು ಮುಚ್ಚಿದ ಬಾತ್‌ರೂಮಿನಲ್ಲೋ ಪಂಪ್ ರೂಮಿನಲ್ಲೋ ತುಂಬಿಕೊಂಡರೆ ಅಪಾಯ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15 ಇದ್ದರೆ ಒಂದು ಕಿಡಿ ಸಾಕು, ಸ್ಫೋಟಿಸುತ್ತದೆ. ಸ್ವಿಚ್ ಹಾಕುವಾಗ ಏಳುವ ಕಿಡಿಯೂ ಸಾಕು.

ನಲ್ಲಿಗೆ ಬೆಂಕಿಕಡ್ಡಿ ಹಿಡಿದು ನೋಡುವ ವಿಡಿಯೋಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಕಿಟಕಿ ಬಾಗಿಲು ತೆಗೆಯಿರಿ, ಆ ಕೋಣೆಯ ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು ಗ್ಯಾಸ್ ಡಿಟೆಕ್ಟರ್ ಇರುವವರನ್ನು ಕರೆಸಿ. ಕರಗಿದ ಮೀಥೇನನ್ನು ಲ್ಯಾಬ್ ಅಳೆದು ಕೊಡುತ್ತದೆ. ಅಮೆರಿಕದ ಗಣಿ ನಿಯಂತ್ರಣ ಇಲಾಖೆ ಬಳಸುವ ಅಳತೆ ನೆನಪಿಡಲು ಸುಲಭ: ಲೀಟರಿಗೆ 10 ಮಿಲಿಗ್ರಾಂ ಒಳಗಿದ್ದರೆ ಚಿಂತೆ ಕಡಿಮೆ, 10ರಿಂದ 28 ಇದ್ದರೆ ಕಣ್ಣಿಟ್ಟಿರಬೇಕು, 28 ದಾಟಿದರೆ ತಕ್ಷಣ ಬಾವಿ ಬಾಯಿಗೆ ಹೊಗೆಕೊಳವೆಯಂಥ ಪೈಪ್ ಇಟ್ಟು ಅನಿಲವನ್ನು ಬಯಲಿಗೆ ಬಿಡಬೇಕು. ಗಾಳಿಯ ಒತ್ತಡ ಕುಸಿಯುವ ಮಳೆ ಮೋಡದ ದಿನಗಳಲ್ಲಿ ನೆಲದಿಂದ ಅನಿಲ ಜಾಸ್ತಿ ಹೊರಬರುತ್ತದೆ. ಒಂದು ಸಲ ಅಳೆದು ಸುಮ್ಮನಾಗಬೇಡಿ.

ನೀರು ಕಡಿಮೆಯಾಗಿದೆ, ಬಾವಿ ಬತ್ತುತ್ತಿದೆ

ಮೊದಲು ಕರೆಂಟ್ ವೋಲ್ಟೇಜ್, ಆಮೇಲೆ ಫುಟ್‌ವಾಲ್ವ್, ಆಮೇಲೆ ಪೈಪಿನ ಸೋರಿಕೆ. ಇದರಲ್ಲೇ ಕೆಲವು ಬಾವಿಗಳು ಸರಿಹೋಗುತ್ತವೆ. ಅಲ್ಲೆಲ್ಲ ಸರಿ ಇದ್ದರೆ ಮಟ್ಟ ಅಳೆಯಿರಿ. ಬೆಳಗ್ಗೆ, ಪಂಪ್ ಹಾಕುವ ಮೊದಲು. ಟೇಪಿನ ತುದಿಗೆ ಸಣ್ಣ ಭಾರ ಕಟ್ಟಿ, ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು ಇಳಿಬಿಡಿ. ಬಾವಿ ಬಾಯಿಗೆ ಸರಿಯಾಗಿ ಯಾವ ಗುರುತು ಬಂತು ಅಂತ ಬರೆದುಕೊಂಡು ಮೇಲೆಳೆಯಿರಿ. ಒದ್ದೆಯಾದ ಸೀಮೆಸುಣ್ಣ ಕಪ್ಪಾಗಿರುತ್ತದೆ. ಆ ಒದ್ದೆ ಉದ್ದವನ್ನು ಕಳೆದರೆ ನೀರು ಎಷ್ಟು ಆಳದಲ್ಲಿದೆ ಅಂತ ಸಿಕ್ಕಿತು. ಸಬ್‌ಮರ್ಸಿಬಲ್ ಇರುವ ಬೋರ್‌ವೆಲ್‌ನಲ್ಲಿ ಟೇಪ್ ಕೇಬಲ್‌ಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಬೋರ್‌ವೆಲ್ ಕೆಲಸದವರಿಂದಲೇ ಅಳೆಸಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಗುರುತಿನಿಂದ.

ಗಣಿಯೊಳಗೆ ನೀರು ತುಂಬಬಾರದು ಅಂತ ಅಲ್ಲಿ ಹಗಲು ರಾತ್ರಿ ಪಂಪ್ ಮಾಡುತ್ತಾರೆ. ಅದರಿಂದ ಗಣಿಯ ಸುತ್ತ ಅಂತರ್ಜಲ ಒಂದು ದೊಡ್ಡ ಆಲಿಕೆಯ ಆಕಾರಕ್ಕೆ ಇಳಿಯುತ್ತದೆ. ಗಣಿ ಹತ್ತಿರದ ಬಾವಿ ಮೊದಲು ಇಳಿಯುತ್ತದೆ, ದೂರದ್ದು ಆಮೇಲೆ. ಆದ್ದರಿಂದ ಒಂದು ಬಾವಿಯ ಲೆಕ್ಕಕ್ಕಿಂತ ಅಕ್ಕಪಕ್ಕದ ನಾಲ್ಕೈದು ಬಾವಿಗಳ ಲೆಕ್ಕ ಸೇರಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮಳೆ ಚೆನ್ನಾಗಿ ಬಂದ ವರ್ಷವೂ ಮಟ್ಟ ಏರಲಿಲ್ಲ, ಗಣಿ ಕಡೆ ಹೋದಷ್ಟೂ ಇಳಿತ ಜಾಸ್ತಿ ಅಂದರೆ ಬರ ಅನ್ನುವ ಸಬೂಬು ನಿಲ್ಲುವುದಿಲ್ಲ. ಎಲ್ಲ ಕಡೆ ಒಂದೇ ಸಮ ಇಳಿದು, ಮಳೆಗೆ ಮತ್ತೆ ಏರಿದರೆ ಅದು ಋತುವಿನ ಆಟ, ಇಲ್ಲವೇ ನಾವೇ ಜಾಸ್ತಿ ಎತ್ತುತ್ತಿದ್ದೇವೆ.

ನೀರು ಇಳಿಯಿತು ಅಂತ ಅವಸರದಲ್ಲಿ ಬೋರ್ ಇನ್ನೂ ಆಳಕ್ಕೆ ಕೊರೆಸಬೇಡಿ. ಆಳದಲ್ಲಿ ಕಲ್ಲಿದ್ದಲಿನ ಪದರವೋ, ಹಳೇ ಸುರಂಗವೋ ಸಿಕ್ಕರೆ ಕೆಟ್ಟ ನೀರಿಗೂ ಅನಿಲಕ್ಕೂ ನೀವೇ ದಾರಿ ಮಾಡಿಕೊಟ್ಟಂತೆ. ಹಳೇ ಗಣಿ ನಕ್ಷೆ ನೋಡಿದ ಭೂಜಲ ತಜ್ಞರ ಮಾತು ಕೇಳದೆ ಒಂದಡಿಯೂ ಮುಂದೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬ್ಲಾಸ್ಟಿಂಗ್ ಆದ ಮೇಲೆ ನೀರು ಬಗ್ಗಡ

ಬ್ಲಾಸ್ಟ್ ಆದ ದಿನ, ಗಂಟೆ, ನೀರು ಬಗ್ಗಡವಾದ ಗಂಟೆ ಎಲ್ಲ ಬರೆದಿಡಿ, ಫೋಟೋ ತೆಗೆಯಿರಿ. ಒಂದೆರಡು ದಿನದಲ್ಲಿ ತಿಳಿಯಾದರೆ ತಳದ ಮಣ್ಣು ಕದಡಿತ್ತು, ಅಷ್ಟೇ. ಪ್ರತಿ ಸಲ ಹಾಗೇ ಆಗಿ ತಿಳಿಯಾಗಲು ಹಿಡಿಯುವ ಹೊತ್ತು ಹೆಚ್ಚುತ್ತಾ ಹೋದರೆ, ಮಳೆ ಬಂದಾಗಲೂ ಬಗ್ಗಡವಾದರೆ ಕೇಸಿಂಗ್ ಬಿರುಕು ಬಿಟ್ಟಿರಬಹುದು. ಮೇಲಿನ ಕೊಳಕು ನೀರು ಒಳಗಿಳಿಯುತ್ತಿದೆ ಎಂದು ತಿಳಿದು ರೋಗಾಣು ಪರೀಕ್ಷೆ ಮಾಡಿಸಿ. ಗಣಿಯ ಸ್ಫೋಟಕಗಳಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ, ಹಾಗಾಗಿ ನೈಟ್ರೇಟನ್ನೂ ನೋಡಿಸಿ.

ಬಾವಿ ಸುತ್ತ ನೆಲ ಬಿರಿದಿದ್ದರೆ, ಕಟ್ಟೆ ವಾಲಿದ್ದರೆ, ಹೊಸದಾಗಿ ಗುಂಡಿ ಬಿದ್ದಿದ್ದರೆ ಪರೀಕ್ಷೆ ಗಿರೀಕ್ಷೆ ಎಲ್ಲ ಬಿಡಿ. ಕೆಳಗೆ ಸುರಂಗ ಕುಸಿಯುತ್ತಿರಬಹುದು. ಮಕ್ಕಳು, ದನಕರು ಹತ್ತಿರ ಹೋಗದಂತೆ ದೂರದಲ್ಲೇ ಹಗ್ಗ ಕಟ್ಟಿ, ಆಡಳಿತದವರಿಗೆ ತಿಳಿಸಿ.

ನೀರು ತಿಳಿಯಾಗಿದೆ, ಆದರೂ ಹೊಟ್ಟೆ ಕೆಡುತ್ತಿದೆ

ಹೊಸದಾಗಿ ಬಂದವರಿಗೆ, ಕೂಸುಗಳಿಗೆ ಮಾತ್ರ ಭೇದಿಯಾಗಿ, ಅಲ್ಲೇ ಇರುವ ದೊಡ್ಡವರಿಗೆ ಏನೂ ಆಗದಿದ್ದರೆ ಸಲ್ಫೇಟ್ ಮೇಲೆ ಅನುಮಾನ ಪಡಿ. ಜಾಸ್ತಿ ಸಲ್ಫೇಟ್, ಅದರಲ್ಲೂ ಮೆಗ್ನೀಸಿಯಂ ಜೊತೆಗಿದ್ದರೆ, ಭೇದಿ ಔಷಧಿಯಂತೆಯೇ ಕೆಲಸ ಮಾಡುತ್ತದೆ. ಲೀಟರಿಗೆ 500 ಮಿಲಿಗ್ರಾಂ ದಾಟಿದರೆ ಕುಡಿಯಲು ಬೇರೆ ನೀರು ಹುಡುಕುವುದು ಒಳ್ಳೆಯದು. ಎಲ್ಲರಿಗೂ ಒಟ್ಟಿಗೆ ವಾಂತಿ, ಭೇದಿ, ಜ್ವರ ಬಂದರೆ ಅದು ರೋಗಾಣು. ಕುದಿಸಿ ಕುಡಿಯಿರಿ, ಡಾಕ್ಟರ ಹತ್ತಿರ ಹೋಗಿ. ಕೂಸಿನ ತುಟಿ, ಉಗುರು ನೀಲಿಯಾದರೆ ನೈಟ್ರೇಟ್ ಕಾರಣ ಇರಬಹುದು. ತಡಮಾಡದೆ ಆಸ್ಪತ್ರೆಗೆ ಓಡಬೇಕು, ಬಾವಿ ಆಮೇಲೆ.

ನನಗೆ ಕೆಂಪು ನೀರಿಗಿಂತ ತಿಳಿ ನೀರಿನ ಬಗ್ಗೆಯೇ ಭಯ ಜಾಸ್ತಿ. ಕೆಂಪು ನೀರನ್ನು ಯಾರೂ ಸುಮ್ನೆ ಕುಡಿಯುವುದಿಲ್ಲ. ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್‌ಗಳಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಟಿಡಿಎಸ್ ಮೀಟರ್ ಕೂಡ ಇವನ್ನು ಹಿಡಿಯುವುದಿಲ್ಲ. ಕರಗಿದ ಲವಣ ಒಟ್ಟು ಎಷ್ಟು ಅನ್ನುವುದನ್ನು ಮಾತ್ರ ಅದು ಹೇಳುತ್ತದೆ, ಯಾವುದು ಅಂತ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಆರ್ಸೆನಿಕ್ 0.01, ಫ್ಲೋರೈಡ್ 1.5, ನೈಟ್ರೇಟ್ 50 ಮಿಲಿಗ್ರಾಂ. ಹತ್ತಿರದಲ್ಲಿ ಕಲ್ಲಿದ್ದಲು ಸುಡುವ ಸ್ಥಾವರದ ಬೂದಿ ಕೊಳ ಇದ್ದರೆ ಬೋರಾನ್, ಸೆಲೆನಿಯಂ ಕೂಡ ಪಟ್ಟಿಗೆ ಸೇರಿಸಿ.

ಸೋಪು ನೊರೆ ಬರುವುದಿಲ್ಲ, ಪಾತ್ರೆಗೆ ಬಿಳಿ ಕಿಟ್ಟ

ಗಡುಸು ನೀರು. ಇದೊಂದೇ ಆದರೆ ಅಪಾಯವಿಲ್ಲ, ಬರೀ ಕಿರಿಕಿರಿ. ಮೊದಲು ಇರಲಿಲ್ಲ, ಈಗ ಶುರುವಾಗಿದೆ ಅಂದರೆ ಮೇಲೆ ಹೇಳಿದ ಆಮ್ಲ ಸತ್ತ ಗಣಿ ನೀರಿನ ಗುರುತಿರಬಹುದು. ಸಲ್ಫೇಟ್ ನೋಡಿಸಿ. ಗಡಸುತನ ತೆಗೆಯುವ ಸಾಫ್ಟ್‌ನರ್ ಸಲ್ಫೇಟ್ ತೆಗೆಯುವುದಿಲ್ಲ, ಇದ್ದಿಲಿನ ಫಿಲ್ಟರ್ರೂ ತೆಗೆಯುವುದಿಲ್ಲ. ಆರ್‌ಒ ತೆಗೆಯುತ್ತದೆ, ಆದರೆ ಕಬ್ಬಿಣ ಇರುವ ನೀರನ್ನು ನೇರ ಕೊಟ್ಟರೆ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ವರದಿ ಕೈಗೆ ಬರುವ ಮೊದಲು ಫಿಲ್ಟರ್ ಕೊಳ್ಳಬೇಡಿ ಅನ್ನುವುದು ಇದಕ್ಕೇ.

ಡ್ರಿಪ್ ಕಟ್ಟಿಕೊಳ್ಳುತ್ತಿದೆ, ಹೊಲದ ಮೇಲ್ಮೈ ಹೆಪ್ಪುಗಟ್ಟುತ್ತಿದೆ

ಡ್ರಿಪ್ ತೂತಿನಲ್ಲಿ ಕೆಂಪು ಲೋಳೆ ಇದ್ದರೆ ಕಬ್ಬಿಣ. ನೀರು ಹಾಯಿಸಿದ ಮಣ್ಣು ಒಣಗಿ ಹಪ್ಪಳದಂತೆ ಗಟ್ಟಿಯಾಗಿ, ಮುಂದಿನ ನೀರು ಇಂಗದೆ ನಿಂತರೆ ಸೋಡಿಯಂ ಜಾಸ್ತಿ ಇರಬಹುದು. ಕಲ್ಲಿದ್ದಲು ಪದರದ ನೀರಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಪರೀಕ್ಷೆ ಜೊತೆ ನೀರಾವರಿ ಪರೀಕ್ಷೆಯನ್ನೂ ಬೇರೆಯಾಗಿ ಕೇಳಿ.

ಲ್ಯಾಬ್‌ಗೆ ಕೊಡುವಾಗ

ಬಾಟಲಿ ಲ್ಯಾಬಿನದೇ ಇರಲಿ. ಲೋಹಗಳ ಪರೀಕ್ಷೆಯ ಬಾಟಲಿಯಲ್ಲಿ ಸ್ವಲ್ಪ ಆಸಿಡ್ ಹಾಕಿರುತ್ತಾರೆ, ಅದನ್ನು ತೊಳೆಯಬೇಡಿ, ಕೈಗೂ ತಾಗಿಸಬೇಡಿ. ಪಂಪ್ ಹತ್ತು ನಿಮಿಷ ಓಡಿದ ಮೇಲೆ, ಯಾವ ಫಿಲ್ಟರ್‌ಗೂ ಹೋಗುವ ಮೊದಲು ಹಿಡಿಯಿರಿ. ರೋಗಾಣು ಪರೀಕ್ಷೆಯ ನೀರು ಐಸ್ ಜೊತೆ 24 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಪಿಎಚ್ ಬಾವಿ ಹತ್ತಿರವೇ ನೋಡಿ, ದಾರಿಯಲ್ಲಿ ಬದಲಾಗುತ್ತದೆ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಮಾಡಿಸಿ. ಗಣಿಯಿಂದ ಮೇಲ್ಭಾಗದಲ್ಲಿರುವ, ಅದರ ನೀರು ತಲುಪದ ಒಂದು ಬಾವಿಯ ನೀರನ್ನೂ ಜೊತೆಗೆ ಕೊಟ್ಟರೆ ಹೋಲಿಸಲು ಅನುಕೂಲ. ಗಣಿ ಇನ್ನೂ ಶುರುವಾಗಿಲ್ಲ, ಬರುತ್ತದೆ ಅನ್ನುವ ಸುದ್ದಿ ಮಾತ್ರ ಇದ್ದರೆ ಈಗಲೇ ಒಂದು ಪೂರ್ತಿ ಪರೀಕ್ಷೆ ಮಾಡಿಸಿಡಿ. ಆ ಒಂದು ಕಾಗದದ ಬೆಲೆ ಮುಂದೆ ಗೊತ್ತಾಗುತ್ತದೆ.

ಗಣಿ ಮುಚ್ಚಿದರು, ನೀರು ಮೇಲೆ ಬಂತು, ಆದರೆ ಕೆಟ್ಟಿತು

ಗಣಿ ನಿಂತರೆ ಕಷ್ಟ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪಂಪ್ ನಿಲ್ಲಿಸಿದ ಮೇಲೆ ಖಾಲಿ ಸುರಂಗಗಳು ನಿಧಾನವಾಗಿ ತುಂಬಿಕೊಳ್ಳುತ್ತವೆ. ಇಷ್ಟು ವರ್ಷ ಗಾಳಿಗೆ ತೆರೆದಿದ್ದ ಗೋಡೆಗಳ ಮೇಲೆ ಕೂತ ಕಬ್ಬಿಣ, ಸಲ್ಫೇಟ್‌ನ ಉಪ್ಪನ್ನೆಲ್ಲ ಆ ನೀರು ಒಮ್ಮೆಗೇ ತೊಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಬರುವ ನೀರೇ ಎಲ್ಲಕ್ಕಿಂತ ಕೆಟ್ಟದ್ದು. ಸುರಂಗ ತುಂಬಲು ಎಷ್ಟೋ ವರ್ಷ ಹಿಡಿಯಬಹುದು. ಅಷ್ಟರಲ್ಲಿ ಗಣಿಯವರು ಊರು ಬಿಟ್ಟು ಹೋಗಿರುತ್ತಾರೆ.

ಬತ್ತಿದ್ದ ಬಾವಿಯಲ್ಲಿ ಮತ್ತೆ ನೀರು ಕಂಡ ದಿನ ಖುಷಿಯಾಗುವುದು ಸಹಜ. ಆದರೆ ಮೊದಲ ಕೊಡ ಒಲೆ ಹತ್ತಿರ ಹೋಗುವ ಮುಂಚೆ ಬಿಳಿ ಬಕೆಟ್‌ಗೆ ಹೋಗಲಿ. ಅನಿಲ ಮೇಲೆ ತಳ್ಳಲ್ಪಟ್ಟಿರಬಹುದು, ಬಾವಿ ಹತ್ತಿರ ಬೆಂಕಿ ಬೇಡ. ಪಿಎಚ್, ಟಿಡಿಎಸ್, ಮಟ್ಟ ಮೂರನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಟ್ಟ ಏರುತ್ತಿರುವಷ್ಟು ಕಾಲ ತಿಂಗಳಿಗೊಮ್ಮೆ, ನಿಂತ ಮೇಲೆ ಮೂರು ತಿಂಗಳಿಗೊಮ್ಮೆ.